ನಲವತ್ತೆರಡನೆಯ ನಂಬರ್

ಹಾಮ್ರವೀಕ್, ದಕ್ಷಿಣ ದ್ವೀಪ
14 ಮೇ 1996

ಪ್ರೀತಿಯ ಅಕ್ಕ ಸುನ್ನೆವಾಳಿಗೆ,

ನಿನ್ನ ಕೋಪನ್‌ಹೇಗನ್‌ನವರು ಕೊನೆಗೂ ಫೆರೋ ದ್ವೀಪಗಳ ಈ ತುದಿಗೆ ಬಂದು ನಮ್ಮ ರಕ್ತ ತೆಗೆದುಕೊಂಡು ಹೋದರು. ಒಬ್ಬ ಪ್ರೊಫೆಸರು, ಇಬ್ಬರು ನರ್ಸುಗಳು, ಶಾಲೆಯ ದೊಡ್ಡ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಕರುಳಿನ ಕಾಯಿಲೆ ಇರುವವರ ಮನೆಯ ಆರೋಗ್ಯವಂತರೂ ಬರಬೇಕು ಅಂತ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಇಷ್ಟು ಚಿಕ್ಕ ಊರಿನಲ್ಲಿ ಹನ್ನೊಂದು ಮನೆಗಳು ಹೊರಟು ಬಂದವು. ಪ್ರಪಂಚದಲ್ಲಿ ಬೇರೆಲ್ಲೂ ಈ ಕಾಯಿಲೆ ಇಷ್ಟಿಲ್ಲವಂತೆ. ಅಂತೂ ಒಂದು ವಿಷಯದಲ್ಲಾದರೂ ನಾವು ಮೊದಲಿಗರಾದೆವು.

ನಮ್ಮ ತಮ್ಮ ಡಾನ್ಯಾಲ್ ತನ್ನ ಮನೆಯ ಮದುವೆಯೋ ಎಂಬಂತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ದೊಡ್ಡಕರುಳು ತೆಗೆಸಿಕೊಂಡು, ಹೊಟ್ಟೆಗೆ ಚೀಲ ಕಟ್ಟಿಕೊಂಡು ಆರು ವರ್ಷವಾದರೂ ಅವನ ಬಾಯಿಗೆ ಏನೂ ಆಗಿಲ್ಲ. "ನನಗೆ ಕಾಯಿಲೆ ಬಂದಿದ್ದಕ್ಕೆ ತಾನೇ ನಿಮಗೆಲ್ಲ ಇವತ್ತು ಪುಕ್ಕಟೆ ಕಾಫಿ, ಕೇಕು," ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಇನ್ನು ನನ್ನ ಕಥೆ ಕೇಳು, ನಗಬೇಡ. ಪ್ರತಿ ಅಕ್ಟೋಬರಿನಲ್ಲಿ ಕುರಿ ಕಡಿದಾಗ ರಕ್ತ ಹೆಪ್ಪುಗಟ್ಟದ ಹಾಗೆ ಬಕೆಟ್ಟಿಗೆ ಕೈ ಹಾಕಿ ಕಲಕುವವಳು ನಾನು. ಅಂಥವಳು ನನ್ನದೇ ಎರಡು ಚಮಚ ರಕ್ತ ನೋಡಿ ತಲೆ ಸುತ್ತಿ ಬಿದ್ದೆ. ಕಣ್ಣು ಬಿಟ್ಟಾಗ ಮಗಳು ರಾನ್ವಾ ನನ್ನ ಮೇಲೆ ಬಗ್ಗಿಕೊಂಡು, "ಏಳಮ್ಮ, ಸ್ಕರ್ಟು ಮೇಲೆ ಹೋಗಿದೆ, ಪ್ರೊಫೆಸರು ನೋಡ್ತಿದಾರೆ," ಅನ್ನುತ್ತಿದ್ದಳು. ಹದಿಮೂರು ವರ್ಷಕ್ಕೆ ಆ ನಾಲಿಗೆ ಯಾರಿಂದ ಬಂತೋ. ಅವಳು ಮಾತ್ರ ಸೂಜಿ ಚುಚ್ಚುವಾಗ ರೆಪ್ಪೆ ಕೂಡ ಬಡಿಯಲಿಲ್ಲ.

ಸೀಸೆಯ ಮೇಲೆ ಹೆಸರು ಬರೆಯುವುದಿಲ್ಲವಂತೆ, ಬರೀ ನಂಬರಂತೆ. ಡಾನ್ಯಾಲ್ ನಲವತ್ತು, ನಾನು ನಲವತ್ತೊಂದು, ರಾನ್ವಾ ನಲವತ್ತೆರಡು. "ಅಪ್ಪನ ಬೂಟಿನ ಅಳತೆ ನನಗೆ ಬಂತು," ಅಂತ ಅವಳು ದಾರಿಯುದ್ದಕ್ಕೂ ನಗುತ್ತಿದ್ದಳು. ಅವಳ ಅಪ್ಪ ಎಯ್ದುನ್ ಇನ್ನೂ ಸಮುದ್ರದಲ್ಲೇ ಇದ್ದಾನೆ, ಜೂನ್‌ಗೆ ಬರುತ್ತಾನೆ.

ಈ ಸೀಸೆಗಳು ನಿನ್ನ ಪ್ರಯೋಗಾಲಯಕ್ಕೇ ಬರುತ್ತವೆ ಅಂತ ನರ್ಸು ಹೇಳಿದಳು. ಇಪ್ಪತ್ತು ವರ್ಷದಿಂದ ನೀನು ಊರಿಗೆ ಬರುವುದು ಅಪರೂಪ. ನಾವಾದರೂ ಸೀಸೆಯಲ್ಲಿ ಕೂತು ನಿನ್ನ ಹತ್ತಿರ ಬರುತ್ತಿದ್ದೇವೆ, ಚೆನ್ನಾಗಿ ನೋಡಿಕೋ.

ನಿನ್ನ ತಂಗಿ,
ಮಾಲನ್


ಕೋಪನ್‌ಹೇಗನ್
2 ಜೂನ್ 1996

ಮಾಲನ್,

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದಿ ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತಿದ್ದವಳು ಏನಾಯಿತು ಅಂದಳು. ಕುರಿಯ ರಕ್ತಕ್ಕೆ ಹೆದರದವಳು ತನ್ನ ರಕ್ತಕ್ಕೆ ಹೆದರಿದಳು ಅಂತ ಹೇಳಿದೆ. ಅವಳು ಪೇಟೆಯವಳು, ಕುರಿಯ ರಕ್ತವನ್ನು ಯಾಕೆ ಕಲಕುತ್ತಾರೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ.

ಆದರೆ ಪೆದ್ದಿ, ನಂಬರನ್ನು ನನಗೆ ಯಾಕೆ ಬರೆದೆ? ಯಾವ ಸೀಸೆ ಯಾರದು ಅಂತ ನಮಗೆ ತಿಳಿಯಬಾರದು ಎಂದೇ ಆ ಏರ್ಪಾಟು. ಯಾರ ಫಲಿತಾಂಶವನ್ನೂ ಅವರಿಗಾಗಲಿ ಮನೆಯವರಿಗಾಗಲಿ ಹೇಳುವುದಿಲ್ಲ ಎಂದು ನಾವೆಲ್ಲ ಕಾಗದಕ್ಕೆ ಸಹಿ ಹಾಕಿದ್ದೇವೆ. ಬೂಟಿನ ಅಳತೆ ಅಂತ ಬೇರೆ ಹೇಳಿದ್ದೀಯ, ಈಗ ಮರೆಯುವುದು ಹೇಗೆ? ಇರಲಿ, ಮರೆಯುತ್ತೇನೆ.

ಕರುಳಿನ ಕಾಯಿಲೆಯವರ ರಕ್ತದಲ್ಲಿ ಕೆಲವು ಪ್ರತಿಕಾಯಗಳು ಸಿಗುತ್ತವೆ. ಅವು ರೋಗಕ್ಕೆ ಮೊದಲೇ ಕಾಣಿಸಿಕೊಳ್ಳುತ್ತವೆಯೇ, ಮನೆಯ ಆರೋಗ್ಯವಂತರಲ್ಲೂ ಇರುತ್ತವೆಯೇ ಎಂದು ಪ್ರೊಫೆಸರು ಹುಡುಕುತ್ತಿದ್ದಾರೆ. ಅಪ್ಪನ ಕೆಲಸವೇ ನನ್ನದೂ ಅಂದುಕೋ. ಕಣ್ಣು ಹೋದ ಮೇಲೂ ಅವರು ಕುರಿಯ ಕಿವಿಯಂಚಿನಲ್ಲಿ ಕತ್ತರಿಸಿದ ಗುರುತನ್ನು ಬೆರಳಲ್ಲಿ ಸವರಿ ಇದು ಇಂಥ ಹಿಂಡಿನದು ಅನ್ನುತ್ತಿದ್ದರಲ್ಲ. ನಾನು ರಕ್ತದಲ್ಲಿ ಗುರುತು ನೋಡುತ್ತೇನೆ, ಅಷ್ಟೇ ವ್ಯತ್ಯಾಸ.

ರಾನ್ವಾಳಿಗೆ ಒಂದು ಉಣ್ಣೆಯ ಅಂಗಿ ಹೆಣೆಯುತ್ತಿದ್ದೇನೆ. ಬೆಳೆಯುವ ಹುಡುಗಿ ಅಂತ ಸ್ವಲ್ಪ ದೊಡ್ಡದಾಗಿಯೇ ಹಿಡಿದಿದ್ದೇನೆ. ಡಾನ್ಯಾಲ್‌ಗೆ ಬಾಯಿ ಮುಚ್ಚಿಕೊಂಡಿರಲು ಹೇಳು.

ನಿನ್ನ ಅಕ್ಕ,
ಸುನ್ನೆವಾ


ಕೋಪನ್‌ಹೇಗನ್
19 ನವೆಂಬರ್ 1996
(ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ)

ಮಾಲನ್,

ಇವತ್ತು ನಿಮ್ಮ ಊರಿನ ಸೀಸೆಗಳ ಸರದಿ ಬಂತು. ಮರೆಯುತ್ತೇನೆ ಅಂದಿದ್ದೆ, ಮರೆತಿರಲಿಲ್ಲ.

ತಟ್ಟೆಯಲ್ಲಿ ಸಾಲುಸಾಲಾಗಿ ಪುಟ್ಟ ಗುಳಿಗಳಿರುತ್ತವೆ. ಅವುಗಳ ತಳಕ್ಕೆ ಬ್ರೆಡ್ ಉಬ್ಬಿಸುವ ಯೀಸ್ಟಿನ ಸಾರ ಹಚ್ಚಿರುತ್ತೇವೆ. ಒಂದೊಂದು ಗುಳಿಗೆ ಒಬ್ಬೊಬ್ಬರ ರಕ್ತದ ತಿಳಿ ಬಿಡುತ್ತೇವೆ. ಯೀಸ್ಟಿನ ವಿರುದ್ಧ ಆ ರಕ್ತ ಪ್ರತಿಕಾಯ ಕಟ್ಟಿಕೊಂಡಿದ್ದರೆ ಗುಳಿ ಹಳದಿಯಾಗುತ್ತದೆ. ಡಾನ್ಯಾಲನ ರೋಗದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಅವನದು ದೊಡ್ಡಕರುಳು ಹುಣ್ಣಾಗಿ ರಕ್ತ ಹೋಗುವ ಬಗೆ, ನಮ್ಮ ದ್ವೀಪಗಳಲ್ಲಿ ಎಲ್ಲರಿಗೂ ಗೊತ್ತಿರುವ ಬಗೆ. ಯೀಸ್ಟಿನ ಗುರುತು ಹೆಚ್ಚಾಗಿ ಸಿಗುವುದು ಇನ್ನೊಂದರಲ್ಲಿ, ಕ್ರೋನ್ ಅನ್ನುವ ರೋಗದಲ್ಲಿ. ಅದು ಸಣ್ಣಕರುಳಿನಲ್ಲಿ ಅಡಗಿ ಕೂರುತ್ತದೆ. ಎಷ್ಟೋ ಸಲ ಒಂದು ಹನಿ ರಕ್ತವೂ ಹೊರಗೆ ಕಾಣುವುದಿಲ್ಲ.

ನಲವತ್ತು, ನಲವತ್ತೊಂದು ತಿಳಿನೀರಿನ ಹಾಗಿದ್ದವು. ನಲವತ್ತೆರಡು ಕಡುಹಳದಿ.

ಮತ್ತೆ ಮಾಡಿದೆ. ಮತ್ತೂ ಕಡುಹಳದಿಯೇ ಬಂತು.

ಕೂಡಲೇ ನಿನಗೆ ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಕೈ ನಿಂತಿತು, ಯಾಕೆ ಅಂತ ಹೇಳುತ್ತೇನೆ. ಆರೋಗ್ಯವಂತರ ರಕ್ತ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ನಾವು ಕೆಲಸದವರೇ ಒಬ್ಬರಿಗೊಬ್ಬರು ರಕ್ತ ತೆಗೆದುಕೊಡುತ್ತೇವೆ. ಹೋದ ವರ್ಷ ಹಾಗೆ ಕೊಟ್ಟಾಗ ನನ್ನ ಗುಳಿಯೂ ಹಳದಿಯಾಯಿತು. "ಸುನ್ನೆವಾನ್ನ ಆರೋಗ್ಯವಂತರ ಸಾಲಿನಿಂದ ಆಚೆ ಹಾಕ್ರಪ್ಪಾ," ಅಂತ ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ಐವತ್ತೆರಡು. ಒಂದು ದಿನವೂ ಹೊಟ್ಟೆನೋವು ಅಂತ ಮಲಗಿದವಳಲ್ಲ. ಆರೋಗ್ಯವಂತರಲ್ಲೂ ಕೆಲವರಿಗೆ, ಕಾಯಿಲೆಯವರ ಮನೆಗಳಲ್ಲಿ ಇನ್ನೂ ಕೆಲವರಿಗೆ ಈ ಗುರುತು ಇರುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಅಂತ ಪ್ರೊಫೆಸರು ಹೇಳುತ್ತಾರೆ. ನೆಟ್ಟಗೆ ಓಡಾಡುವ ಮಗುವಿನ ತಾಯಿಗೆ ಇದನ್ನು ಹೇಳಿ ಏನು ಮಾಡಲಿ? ಅವಳು ಸೀನಿದರೂ ನೀನು ಎದ್ದು ಕೂರುತ್ತೀಯ.

ಅದೂ ಅಲ್ಲದೆ ನಾನು ಸಹಿ ಹಾಕಿದ್ದೇನೆ.

ನಾನು ಚೆನ್ನಾಗಿದ್ದೇನೆ, ಅವಳೂ ಚೆನ್ನಾಗಿಯೇ ಇರುತ್ತಾಳೆ.

ಸುನ್ನೆವಾ


ಕೋಪನ್‌ಹೇಗನ್
20 ನವೆಂಬರ್ 1996

ಮಾಲನ್,

ಉಣ್ಣೆಯ ಅಂಗಿ ಕಳಿಸಿದ್ದೇನೆ. ತೋಳು ಉದ್ದವಾದರೆ ಮಡಚಿಕೊಳ್ಳಲಿ. ಇಲ್ಲಿ ಆಗಲೇ ಚಳಿ ಹಿಡಿದಿದೆ.

ರಾನ್ವಾ ಹೇಗಿದ್ದಾಳೆ? ಸರಿಯಾಗಿ ಊಟ ಮಾಡುತ್ತಾಳಾ? ಎತ್ತರ ಆಗುತ್ತಿದ್ದಾಳಾ? ಹೊಟ್ಟೆಗಿಟ್ಟೆ ನೋವು ಅಂದರೆ ನನಗೆ ಬರೆ. ಸುಮ್ಮನೆ ಕೇಳಿದೆ.

ಸುನ್ನೆವಾ


ಹಾಮ್ರವೀಕ್
8 ಅಕ್ಟೋಬರ್ 1997

ಪ್ರೀತಿಯ ಅಕ್ಕ,

ನೀನು ಒಂದು ವರ್ಷದಿಂದ ಪ್ರತಿ ಪತ್ರದಲ್ಲೂ ರಾನ್ವಾಳ ಹೊಟ್ಟೆಯ ವಿಚಾರ ಕೇಳುತ್ತಿದ್ದೀಯ. ನನ್ನ ಆರೋಗ್ಯ ಒಮ್ಮೆಯೂ ಕೇಳಲಿಲ್ಲ, ಇರಲಿ. ನಿನ್ನ ಬಾಯಿ ಹರಕೆಯೋ ಏನೋ, ಈಗ ನಿಜವಾಗಿಯೂ ಹೊಟ್ಟೆಯದೇ ಗೋಳು.

ಬೇಸಿಗೆಯಿಂದ ಊಟ ಬಿಟ್ಟಿದ್ದಾಳೆ. ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಾಳೆ, ಬಲಗಡೆ ಹಿಡಿದ ಹಾಗಾಗುತ್ತೆ ಅನ್ನುತ್ತಾಳೆ. ಚರ್ಚಿನಲ್ಲಿ ದೀಕ್ಷೆಯ ದಿನಕ್ಕೆ ಅಂತ ವಸಂತದಲ್ಲಿ ನಮ್ಮ ನಾಡಿನ ಉಡುಪು ಹೊಲಿಸಿದೆವಲ್ಲ, ಬೆಳೆಯುತ್ತಾಳೆ ಅಂತ ಒಳಗೆ ನಾಲ್ಕು ಬೆರಳು ಮಡಿಕೆ ಹಾಕಿಸಿದ್ದೆ. ಮಡಿಕೆ ಬಿಚ್ಚುವುದಿರಲಿ, ಎದೆಯ ಬೆಳ್ಳಿ ಸರಪಣಿಯನ್ನು ಇನ್ನೂ ಬಿಗಿಯಬೇಕಾಗಿದೆ.

ಡಾನ್ಯಾಲನ ಕಾಯಿಲೆ ಇರಬಹುದು ಅಂತ ನನಗೂ ಭಯವಾಗಿತ್ತು. ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಮೂರು ತಿಂಗಳಿಗೊಬ್ಬರು ಬದಲಾಗುತ್ತಾರೆ, ಈಗಿರುವವರು ಚಿಕ್ಕ ವಯಸ್ಸಿನವರು. ಮೊದಲು ಕೇಳಿದ್ದೇ ರಕ್ತ ಹೋಗುತ್ತದೆಯೇ ಅಂತ. ಇಲ್ಲ ಅಂದೆವು. ಹಾಗಾದರೆ ಮಾವನ ಕಾಯಿಲೆ ಅಲ್ಲ ಅಂದರು. ಈ ವಯಸ್ಸಿನ ಹುಡುಗಿಯರಿಗೆ ಪತ್ರಿಕೆಯಲ್ಲಿ ಬರುವವರ ಹಾಗೆ ತೆಳ್ಳಗಾಗುವ ಹುಚ್ಚು, ಅಮ್ಮಂದಿರು ಸ್ವಲ್ಪ ಬಿಗಿ ಹಿಡಿಯಬೇಕು ಅಂದರು. ಡಾನ್ಯಾಲ್‌ಗೂ ಸಮಾಧಾನವಾಯಿತು. ಈ ಊರಿನಲ್ಲಿ ಕರುಳಿನ ಕಾಯಿಲೆಯನ್ನು ಅವನಷ್ಟು ಬಲ್ಲವರು ಯಾರಿದ್ದಾರೆ? "ರಕ್ತ ಕಾಣ್ಲಿಲ್ಲ ಅಂದ್ರೆ ಏನೂ ಇಲ್ಲ ಬಿಡು," ಅಂದ.

ಬಿಗಿ ಹಿಡಿದಿದ್ದೇನೆ. ತಟ್ಟೆ ಖಾಲಿಯಾಗುವವರೆಗೆ ಮೇಜು ಬಿಟ್ಟು ಏಳುವ ಹಾಗಿಲ್ಲ. ನಿನ್ನೆ ಒಂದು ಗಂಟೆ ಕೂತಿದ್ದಳು, ಎದುರಿಗೆ ನಾನೂ ಕೂತಿದ್ದೆ. "ತಿಂದ್ರೆ ಯಾರೂ ಸಾಯಲ್ಲ ಕಣೇ," ಅಂದೆ. ಕೊನೆಗೆ ತಿಂದಳು. ಆಮೇಲೆ ಹಿತ್ತಲಿಗೆ ಹೋಗಿ ಕಕ್ಕಿದಳು. ಬೇಕೆಂದೇ ಬೆರಳು ಹಾಕಿಕೊಂಡಳು ಅಂತ ನನಗೆ ಅನುಮಾನ.

ಕುರಿ ಕಡಿಯುವ ಕೆಲಸ ಮುಗಿಯಿತು. ರಕ್ತ ಕಲಕಲು ರಾನ್ವಾ ನನ್ನ ಜೊತೆ ಕೂತಿದ್ದಳು. ಅದಕ್ಕೆ ಮಾತ್ರ ಅವಳು ಯಾವತ್ತೂ ಬೇಡ ಅನ್ನುವುದಿಲ್ಲ.

ನಿನ್ನ,
ಮಾಲನ್


ಹಾಮ್ರವೀಕ್
3 ಫೆಬ್ರವರಿ 1998

ದೊಡ್ಡಮ್ಮ,

ಅಮ್ಮನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಅಂಚೆಯವಳು ನನ್ನ ಗೆಳತಿಯ ಅಮ್ಮ, ಅವಳು ಹೇಳುವುದಿಲ್ಲ.

ನನ್ನ ಊಟದ ಕಥೆ ನಿನಗೆ ಅಮ್ಮ ಬರೆದಿರುತ್ತಾಳೆ. ಈಗ ನಾನು ಜಾಣೆಯಾಗಿದ್ದೇನೆ. ಆಲೂಗಡ್ಡೆ ಜೇಬಿಗೆ ಹೋಗುತ್ತದೆ, ಒಣಮಾಂಸ ಕಿಟಕಿಯಿಂದ ಪಕ್ಕದ ಮನೆಯ ನಾಯಿಗೆ ಹೋಗುತ್ತದೆ. ಆ ನಾಯಿ ಎಷ್ಟು ದಪ್ಪಗಾಗಿದೆ ಅಂದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ಶನಿವಾರ ಅಮ್ಮ ಮಾಡುವ ಬ್ರೆಡ್ ಮಾತ್ರ ಬಚ್ಚಿಡಲು ಆಗುವುದಿಲ್ಲ, ಬಿಸಿಯಾಗಿರುತ್ತದೆ, ಅವಳು ಎದುರಿಗೇ ಕೂರುತ್ತಾಳೆ. ಅದನ್ನು ತಿನ್ನುತ್ತೇನೆ, ಚೆನ್ನಾಗಿಯೂ ಇರುತ್ತದೆ. ಆಮೇಲೆ ಸ್ನಾನದ ಮನೆಯಲ್ಲಿ ನೆಲದ ಮೇಲೆ ಮಂಡಿ ಮಡಚಿಕೊಂಡು ಮಲಗುತ್ತೇನೆ, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ.

ನಾನು ತೆಳ್ಳಗಾಗಬೇಕು ಅಂತ ಹೀಗೆ ಮಾಡುತ್ತಿಲ್ಲ. ನಿನ್ನ ಉಣ್ಣೆ ಅಂಗಿ ಹಾಕಿಕೊಂಡರೆ ಬೆದರುಬೊಂಬೆಯ ಹಾಗೆ ಕಾಣುತ್ತೇನೆ, ಅದು ಯಾರಿಗೆ ಇಷ್ಟವಾಗುತ್ತದೆ? ಆದರೆ ವೈದ್ಯರು ಹಾಗಂದರು, ಅಮ್ಮ ಹಾಗನ್ನುತ್ತಾಳೆ, ಡಾನ್ಯಾಲ್ ಮಾವನೂ ಹಾಗೇ ಅಂದ. ಎಲ್ಲರೂ ಅದನ್ನೇ ಹೇಳಿದರೆ ನಿಜವಿರಬಹುದೇ ಅಂತ ನನಗೇ ಅನುಮಾನ ಬರುತ್ತಿದೆ. ನನಗೇ ಗೊತ್ತಿಲ್ಲದೆ ನಾನು ನಾಟಕ ಮಾಡುತ್ತಿರಬಹುದಾ?

ನೀನು ರಕ್ತ ನೋಡುವವಳು. ಸುಳ್ಳು ಹೇಳುವವರ ರಕ್ತ ಬೇರೆ ಥರ ಇರುತ್ತದಾ? ನನ್ನದು ನಿಮ್ಮಲ್ಲೇ ಇದೆಯಲ್ಲ, ನಲವತ್ತೆರಡು. ಒಂದು ಸಲ ನೋಡಿ ಹೇಳು. ಯಾರಿಗೂ ಹೇಳುವುದಿಲ್ಲ.

ನಿನ್ನ,
ರಾನ್ವಾ


ಕೋಪನ್‌ಹೇಗನ್
17 ಫೆಬ್ರವರಿ 1998

ಮಗಳೇ ರಾನ್ವಾ,

ನೀನು ಸುಳ್ಳು ಹೇಳುತ್ತಿಲ್ಲ. ಇದನ್ನು ಮೊದಲು ಓದಿಕೋ, ಎರಡು ಸಲ ಓದಿಕೋ.

ಆ ಸೀಸೆಗಳಲ್ಲಿ ಯಾವುದು ಯಾರದು ಎಂದು ನಮಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೇಳುವ ಹಾಗಿಲ್ಲ. ಅದನ್ನು ಬಿಟ್ಟುಬಿಡು. ಆದರೆ ವೈದ್ಯರ ಹತ್ತಿರ ಮತ್ತೆ ಹೋಗು. ರಕ್ತ ಕಾಣದಿದ್ದರೂ ಕರುಳು ಕೆಟ್ಟಿರಬಹುದು, ಅಂಥ ಕಾಯಿಲೆಯೂ ಇದೆ ಅಂತ ಹೇಳು. ನೋವು ಬಲಗಡೆ ಕೆಳಗೆ ಬರುವುದನ್ನು, ಎತ್ತರ ಬೆಳೆಯದಿರುವುದನ್ನು, ಬಾಯಿಹುಣ್ಣು, ಸಂಜೆಯ ಜ್ವರ ಇದ್ದರೆ ಅದನ್ನೂ ಹೇಳು. ರಾಜಧಾನಿಯ ಆಸ್ಪತ್ರೆಗೆ ಕಳಿಸಿ, ಸಣ್ಣಕರುಳಿನ ಚಿತ್ರ ತೆಗೆಸಿ ಅಂತ ಕೇಳು. ನಾಚಿಕೊಳ್ಳಬೇಡ. ಅಮ್ಮನನ್ನೂ ಕರೆದುಕೊಂಡು ಹೋಗು.

ಬಿಸಿ ಬ್ರೆಡ್ ಹೊಟ್ಟೆಗೆ ಹಿಡಿಸದಿದ್ದರೆ ತಿನ್ನಬೇಡ. ನಾನು ಹೇಳಿದೆ ಅನ್ನು.

ನಿನ್ನ ದೊಡ್ಡಮ್ಮ,
ಸುನ್ನೆವಾ


ಹಾಮ್ರವೀಕ್
9 ಮಾರ್ಚ್ 1998

ಅಕ್ಕ,

ನೀನು ರಾನ್ವಾಳಿಗೆ ಬರೆದ ಪತ್ರ ಅವಳ ದಿಂಬಿನ ಕೆಳಗೆ ಸಿಕ್ಕಿತು. ನನ್ನ ಮಗಳಿಗೆ ನನ್ನ ಬೆನ್ನ ಹಿಂದೆ ಪತ್ರ ಬರೆಯುವಷ್ಟು ನಾನು ನಿನಗೆ ಕೀಳಾದೆನಾ?

ಆದರೂ ಮತ್ತೆ ಕರೆದುಕೊಂಡು ಹೋದೆ. ಈಗ ಬೇರೆ ವೈದ್ಯರು ಬಂದಿದ್ದಾರೆ. ನೀನು ಬರೆದದ್ದನ್ನೆಲ್ಲ ಅವಳು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಅವರು ನನ್ನ ಕಡೆ ತಿರುಗಿ, "ಇದನ್ನೆಲ್ಲ ಎಲ್ಲಿ ಓದ್ಕೊಂಡು ಬಂದ್ಲು?" ಅಂದರು. ಕೋಪನ್‌ಹೇಗನ್‌ನಿಂದ ಪತ್ರ ಬಂತು ಅಂದೆ. ಅವರು ನಕ್ಕರು. ನನ್ನ ಮುಖ ಎಲ್ಲಿಡಲಿ? ಬೇಸಿಗೆಯ ಹೊತ್ತಿಗೆ ಸರಿಹೋಗದಿದ್ದರೆ ನೋಡೋಣ ಅಂದರು. ಮನೆಗೆ ಬಂದು ಅವಳ ಕೆನ್ನೆಗೆ ಒಂದು ಬಿಟ್ಟೆ. ಇದುವರೆಗೆ ಅವಳ ಮೇಲೆ ಕೈ ಎತ್ತಿದವಳಲ್ಲ ನಾನು.

ಒಂದೇ ಮಾತು ಕೇಳುತ್ತೇನೆ. ನಿನಗೆ ಏನಾದರೂ ಗೊತ್ತಿದ್ದರೆ ನೇರವಾಗಿ ಹೇಳು. ಗೊತ್ತಿಲ್ಲದಿದ್ದರೆ ದಯವಿಟ್ಟು ಸುಮ್ಮನಿರು.

ಮಾಲನ್


ಕೋಪನ್‌ಹೇಗನ್
30 ನವೆಂಬರ್ 1998

ಮಾಲನ್,

ನೀನು ಮಾರ್ಚಿನಲ್ಲಿ ನೇರವಾಗಿ ಕೇಳಿದ್ದೆ. ನಾನು ಸುಮ್ಮನಿದ್ದೆ.

ಮೂರು ವಾರದ ಹಿಂದೆ ನಿನ್ನ ಪಕ್ಕದಲ್ಲಿ ನಿಂತು ರಾನ್ವಾಳ ಪೆಟ್ಟಿಗೆಯನ್ನು ಮಣ್ಣಿಗಿಳಿಸುವುದನ್ನು ನೋಡಿದೆ. ಮಡಿಕೆ ಬಿಚ್ಚದ ಆ ಉಡುಪನ್ನೇ ನೀನು ಅವಳಿಗೆ ಉಡಿಸಿದ್ದೆ. ಆಮೇಲೆ ಮನೆಯಲ್ಲಿ ಕಾಫಿ ಕೊಡುವಾಗ ನೀನು ಬಂದವರಿಗೆಲ್ಲ ಹೇಳುತ್ತಿದ್ದೆ: ಕರುಳು ಒಳಗೇ ಕಟ್ಟಿಕೊಂಡು ಒಡೆದಿತ್ತಂತೆ, ಹೆಲಿಕಾಪ್ಟರು ಬಂತು, ಕೊಯ್ದರು, ಒಂಬತ್ತು ದಿನ ಉಳಿಸಿಕೊಂಡರು, ನಂಜು ಮೈಗೆಲ್ಲ ಏರಿಬಿಟ್ಟಿತ್ತು, ಒಂದು ವರ್ಷ ಮೊದಲೇ ಬಂದಿದ್ದರೆ ಔಷಧಿ ಕೊಟ್ಟು ನೋಡುತ್ತಿದ್ದೆವು ಅಂದರು, ಅದು ಕ್ರೋನ್ ಅನ್ನುವ ಕಾಯಿಲೆಯಂತೆ, ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ನಿನ್ನ ಹಿಂದೆಯೇ ಕಪ್ಪು ಹಿಡಿದುಕೊಂಡು ನಿಂತಿದ್ದೆ. ಯಾರಿಗೂ ಗೊತ್ತಿರಲಿಲ್ಲ ಅಂತ ನೀನು ಐದು ಸಲ ಹೇಳಿದೆ. 

ನನಗೆ ಗೊತ್ತಿತ್ತು. ಇದರ ಜೊತೆ ಒಂದು ಹಳೆಯ ಪತ್ರ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ಬರೆದದ್ದು, ಕಳಿಸಲಿಲ್ಲ. ಓದು.

ಸಹಿ ಹಾಕಿದ್ದೆ ಅನ್ನುವುದು ನಿಜ. ಗುರುತು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಅದೊಂದನ್ನೇ ನೋಡಿ ರೋಗ ಇದೇ ಎಂದು ಹೇಳಲು ಬರುವುದಿಲ್ಲ, ಅದೂ ನಿಜ. ಮೊದಲ ವರ್ಷ ಸುಮ್ಮನಿದ್ದದ್ದಕ್ಕೆ ನನ್ನನ್ನು ನಾನೇ ಕ್ಷಮಿಸಿಕೊಳ್ಳಬಲ್ಲೆ. ಆದರೆ ಅವಳಿಗೆ ಬಲಗಡೆ ನೋವು ಅಂತ ನೀನು ಬರೆದ ದಿನ ನನಗೆ ಎಲ್ಲ ತಿಳಿಯಿತು. ನೋವೂ ಗುರುತೂ ಒಟ್ಟಿಗೆ ಬಂದರೆ ಅದು ಬೇರೆ ಮಾತು. ಆಗ ನಾನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬದಲಿಗೆ ಹಾಗೆ ಹೇಳು, ಹೀಗೆ ಕೇಳು ಅಂತ ಆ ಮಗುವನ್ನು ಮುಂದೆ ಬಿಟ್ಟೆ. ಕೆಲಸ ಹೋಗುತ್ತದೆ ಅಂತ ಹೆದರಿದೆ. ಹೇಳಲು ತಡವಾಯಿತಲ್ಲ, ಯಾಕೆ ಮೊದಲೇ ಹೇಳಲಿಲ್ಲ ಅಂತ ನೀನು ಕೇಳುತ್ತೀಯಲ್ಲ ಎಂದು ಅದಕ್ಕಿಂತ ಹೆಚ್ಚು ಹೆದರಿದೆ. ತಡವಾದಷ್ಟೂ ಹೇಳುವುದು ಕಷ್ಟವಾಯಿತು.

ಅವಳು ನನ್ನನ್ನು ಕೇಳಿದ್ದಳು, ಮಾಲನ್. ನಲವತ್ತೆರಡು, ನೋಡಿ ಹೇಳು ಅಂತ. ಗೊತ್ತಿಲ್ಲ ಅಂದೆ.

ಕ್ಷಮಿಸು ಅನ್ನಲು ನನಗೆ ಬಾಯಿಲ್ಲ.

ಸುನ್ನೆವಾ


ಹಾಮ್ರವೀಕ್
11 ಜನವರಿ 1999

ನಿನ್ನ ಹಳೆಯ ಪತ್ರದಲ್ಲಿ ಬ್ರೆಡ್ ಉಬ್ಬಿಸುವ ಯೀಸ್ಟು ಅಂತ ಇದೆ. ಅವಳ ರಕ್ತ ಅದರ ವಿರುದ್ಧ ಇತ್ತು ಅಂತ ಇದೆ. ಪ್ರತಿ ಶನಿವಾರ ಎದುರಿಗೆ ಕೂತು ತಿನ್ನಿಸಿದವಳು ನಾನು. ನನ್ನ ಬ್ರೆಡ್ಡಿನಿಂದ ಆಯಿತಾ? ಇದೊಂದಕ್ಕೆ ಉತ್ತರ ಬರೆ. ಬೇರೇನೂ ಬರೆಯಬೇಡ.

ಮಾಲನ್


ಕೋಪನ್‌ಹೇಗನ್
19 ಜನವರಿ 1999

ಮಾಲನ್,

ಇಲ್ಲ. ನಿನ್ನ ಬ್ರೆಡ್ಡಿನಿಂದ ಆಗಲಿಲ್ಲ. ಹೀಗೆ ಅಂದುಕೊಳ್ಳುತ್ತೀಯ ಅಂತ ನನಗೆ ಹೊಳೆಯಲೇ ಇಲ್ಲ, ಅದಕ್ಕೂ ನನಗೆ ನಾಚಿಕೆಯಾಗುತ್ತಿದೆ.

ಆ ಪ್ರತಿಕಾಯ ಯಾಕೆ ಹುಟ್ಟುತ್ತದೆ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕರುಳಿನ ಗೋಡೆ ಮೊದಲೇ ಹದಗೆಟ್ಟಿರುತ್ತದೆ, ಅದರಿಂದ ಏನೇನೋ ಒಳಗೆ ನುಸುಳುತ್ತದೆ, ರಕ್ತ ಅದಕ್ಕೆ ತಿರುಗಿ ಬೀಳುತ್ತದೆ ಅನ್ನುತ್ತಾರೆ. ಯೀಸ್ಟು ಬರೀ ಗುರುತು ತೋರಿಸುತ್ತದೆ, ಕರುಳು ಕೆಡಿಸಿದ್ದು ಅದಲ್ಲ. ಪ್ರಪಂಚವೆಲ್ಲ ಬ್ರೆಡ್ ತಿನ್ನುತ್ತದೆ. ನೀನು ಮಾಡಿದ ಬ್ರೆಡ್ ಚೆನ್ನಾಗಿರುತ್ತದೆ ಅಂತ ಅವಳೇ ನನಗೆ ಬರೆದಿದ್ದಳು.

ಬೇರೇನೂ ಬರೆಯಬೇಡ ಅಂದಿದ್ದೀಯ. ಆದರೂ ಒಂದು ಮಾತು ಬರೆಯುತ್ತೇನೆ, ನಿನಗೆ ತಿಳಿದಿರಲಿ. ಪ್ರೊಫೆಸರಿಗೆ ಎಲ್ಲ ಹೇಳಿದೆ. ಅವರು, "ನಿಯಮ ಮುರಿದಿದ್ರೆ ಕೆಲಸದಿಂದ ತೆಗೀತಿದ್ದೆ. ಮುರೀಲಿಲ್ಲ ಅಂತ ಹೊಗಳೋಕೂ ನನಗೆ ಬಾಯಿ ಬರ್ತಿಲ್ಲ," ಅಂದರು. ಆ ಮೇಜು ಬಿಟ್ಟು ಬೇರೆ ಕಡೆಗೆ ಹಾಕಿಸಿಕೊಂಡಿದ್ದೇನೆ.

ಸುನ್ನೆವಾ


ಹಾಮ್ರವೀಕ್
21 ಸೆಪ್ಟೆಂಬರ್ 2000

ಅಕ್ಕ,

ಇಪ್ಪತ್ತು ತಿಂಗಳಾಯಿತು. ಆಮೇಲೆ ನೀನು ಕಳಿಸಿದ ನಾಲ್ಕು ಪತ್ರಗಳನ್ನೂ ಒಡೆಯದೆ ಇಟ್ಟಿದ್ದೆ. ಹೋದ ವಾರ ಒಡೆದೆ. ಎಲ್ಲದರಲ್ಲೂ ಕ್ಷಮಿಸು ಅನ್ನುವ ಒಂದೇ ಮಾತು ಬರೆದಿದ್ದೀಯ, ನಾಲ್ಕನ್ನೂ ಓದಿದೆ.

ಒಡೆದದ್ದು ಯಾಕೆ ಅಂದರೆ, ಬೆಟ್ಟದಿಂದ ಕುರಿ ಇಳಿಸಲು ಹೋದಾಗ ಒಂದು ಕಡಿಮೆ ಬಂತು. ಬಂಡೆಯ ಬುಡದಲ್ಲಿ ಸತ್ತು ಬಿದ್ದಿತ್ತು. ಯಾರದು ಅಂತ ನೋಡಲು ಕಿವಿ ಹಿಡಿದೆ, ನಮ್ಮದೇ. ಅಪ್ಪನ ಗುರುತು. ಮೇಲೆ ದೊಡ್ಡಿಯಲ್ಲಿ ನಿಂತಿದ್ದ ಮೂವತ್ತೊಂಬತ್ತರ ಕಿವಿಯಲ್ಲೂ ಅದೇ ಗುರುತು, ಬಿದ್ದದ್ದು ಇದೊಂದು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಗುರುತು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ ಅಂತ ನೀನು ಬರೆದಿದ್ದೆಯಲ್ಲ, ಅಷ್ಟು ಭಾಗ ನನಗೆ ಅವತ್ತು ಅರ್ಥವಾಯಿತು.

ಆದರೆ ಇದನ್ನೂ ಕೇಳು. ಆ ಕುರಿ ಬೇಸಿಗೆಯಿಂದ ಕುಂಟುತ್ತಿತ್ತು. ನಾನು ನೋಡಿದ್ದೆ. ಕಳ್ಳಾಟ ಅಂತ ಕೋಲು ತೋರಿಸಿ ಮೇಲಕ್ಕೆ ಅಟ್ಟಿದ್ದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಎರಡು ವರ್ಷ ಬದುಕಿದೆ, ಅದು ಸುಲಭವಾಗಿತ್ತು. ನಿನಗೆ ಅವಳ ರಕ್ತ ಗೊತ್ತಿತ್ತು, ನಿಜ. ನನಗೆ ಅವಳು ಗೊತ್ತಿದ್ದಳು. ದಿನಕ್ಕೆ ಮೂರು ಹೊತ್ತು ಎದುರಿಗೆ ಕೂತಿದ್ದೆ. ತಿಂದ್ರೆ ಯಾರೂ ಸಾಯಲ್ಲ ಅಂದವಳು ನಾನು. ಆ ಕೆನ್ನೆಗೆ ಹೊಡೆದದ್ದು ಈ ಕೈ. ಹೆಲಿಕಾಪ್ಟರಿನಲ್ಲಿ ಅವಳು ಅಂದ ಕೊನೆಯ ಮಾತು ಯಾರಿಗೂ ಹೇಳಿಲ್ಲ, ಎಯ್ದುನ್‌ಗೂ ಹೇಳಿಲ್ಲ. "ನೋಡು, ನಾಟಕ ಅಲ್ಲ ಅಲ್ವಾ ಅಮ್ಮ," ಅಂದಳು. ಸಮಾಧಾನ ಆದವಳ ಹಾಗೆ ಅಂದಳು.

ಶನಿವಾರ ಬ್ರೆಡ್ ಮಾಡುವುದನ್ನು ನಿಲ್ಲಿಸಿದ್ದೆ. ನಿನ್ನ ಉತ್ತರ ನಂಬಿದೆ, ಆದರೂ ಕೈ ಬರುತ್ತಿರಲಿಲ್ಲ. ಅಮ್ಮನ ಕಾಲದ ಹಾಗೆ ಯೀಸ್ಟಿಲ್ಲದ ಗಟ್ಟಿ ರೊಟ್ಟಿಯನ್ನೇ ಸುಡುತ್ತಿದ್ದೆ, ಡಾನ್ಯಾಲ್ ಹಲ್ಲು ಹೋಯಿತು ಅಂತ ಬೈಯುತ್ತಲೇ ತಿನ್ನುತ್ತಿದ್ದ. ಈ ಶನಿವಾರ ಹಿಟ್ಟು ಹುದುಗಿಸಿದೆ. ಉಬ್ಬುವುದನ್ನು ನೋಡುತ್ತ ನಿಂತು ಅತ್ತೆ, ಆಮೇಲೆ ಒಲೆಗಿಟ್ಟೆ.

ಮೊನ್ನೆ ನಿನ್ನ ಪ್ರೊಫೆಸರು ಮತ್ತೆ ಬಂದಿದ್ದರು. ಮೊದಲ ಸಲ ಕೊಟ್ಟವರೆಲ್ಲ ಇನ್ನೊಮ್ಮೆ ಕೊಡಬೇಕಂತೆ. ಹೋಗುವುದಿಲ್ಲ ಅಂತ ಮೊದಲು ಅಂದುಕೊಂಡೆ. ಆಮೇಲೆ ಹೋದೆ. ಬೇರೆ ಯಾವಳೋ ಒಬ್ಬಳ ಮಗಳಿಗಾದರೂ ಮುಂದೆ ಯಾರಾದರೂ ಒಂದು ಸಾಲು ಬರೆಯುವ ಹಾಗಾಗಲಿ. ಕೈ ನೀಡಿ ಕೂತೆ, ಈ ಸಲ ತಲೆ ಸುತ್ತಲಿಲ್ಲ. ಪಕ್ಕದಲ್ಲಿ ನಗುವವರೂ ಇರಲಿಲ್ಲ. ಪ್ರೊಫೆಸರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು.

ಸೀಸೆಗೆ ಹೊಸ ನಂಬರ್ ಹಾಕಿದರು. ಅದನ್ನು ನಿನಗೆ ಬರೆಯುವುದಿಲ್ಲ. ಸಿಟ್ಟಿನಿಂದಲ್ಲ ಅಕ್ಕ. ನೀನು ಬೇರೆ ಮೇಜಿನಲ್ಲಿದ್ದೀಯ ಅಂತ ಗೊತ್ತು, ಆದರೂ ಗೊತ್ತಾದರೆ ನೀನು ಹೋಗಿ ನೋಡುತ್ತೀಯ, ನೋಡಿದರೆ ಮತ್ತೆ ಹೊತ್ತುಕೊಂಡು ತಿರುಗುತ್ತೀಯ. ಅವತ್ತು ಆ ಭಾರವನ್ನು ನಗುತ್ತ ನಗುತ್ತ ನಿನ್ನ ತಲೆಗೆ ಹಾಕಿದವಳು ನಾನೇ. ಇನ್ನೊಮ್ಮೆ ಹಾಕುವುದಿಲ್ಲ.

ಅಕ್ಟೋಬರ್ ಎರಡನೇ ವಾರ ಕುರಿ ಕಡಿಯುತ್ತೇವೆ. ಎರಡು ವರ್ಷದಿಂದ ಬಕೆಟ್ಟಿನ ಹತ್ತಿರ ಒಬ್ಬಳೇ ಕೂತು ಕಲಕುತ್ತಿದ್ದೇನೆ, ಒಂದೇ ಕೈ ಸಾಲುತ್ತಿಲ್ಲ, ಹೆಪ್ಪುಗಟ್ಟಿಬಿಡುತ್ತದೆ. ನೀನು ಬಾ.

ನಿನ್ನ ತಂಗಿ,
ಮಾಲನ್